ಸಹನೆ ಮೂರು

ನನಗೆ ಯಾವ ಕೆಲಸವನ್ನೂ ಶುರು ಮಾಡಲು ಬರುವುದಿಲ್ಲ. ತಯಾರಿ ಮಾಡಲು ಮಾತ್ರ ಬಹಳ ಚೆನ್ನಾಗಿ ಬರುತ್ತದೆ. ಒಮ್ಮೆ ಈಜು ಕಲಿಯಬೇಕೆಂದು ಮನಸ್ಸಾಗಿ ಚಡ್ಡಿ, ಟವೆಲ್ಲು, ಕಿವಿಗೆ ಹತ್ತಿ, ಮೈಗೆ ಎಣ್ಣೆ ಎಲ್ಲವನ್ನೂ ಜೋಡಿಸಿಟ್ಟುಕೊಂಡು ಮೂರು ಬೇಸಿಗೆ ಕಳೆದೆ. ನನ್ನ ಟವೆಲ್ಲನ್ನು ಎರವಲು ಒಯ್ದ ಗೆಳೆಯ ಈಜು ಕಲಿತುಬಿಟ್ಟ. ಯುದ್ಧಕಾಲದಲ್ಲಿ ಶಸ್ತ್ರಾಭ್ಯಾಸ ಮಾಡುವವರನ್ನು ನೋಡಿ ಜನ ನಗುತ್ತಾರೆ. ನಾನು ಯುದ್ಧ ಮುಗಿದು ಸಂಧಿಯಾದ ಮೇಲೂ ಕತ್ತಿಗೆ ಎಣ್ಣೆ ಹಚ್ಚುತ್ತ ಕೂಡುವ ಪೈಕಿ. ನಮ್ಮವ್ವ ಇದನ್ನು ಒಂದೇ ಮಾತಿನಲ್ಲಿ ಹೇಳುತ್ತಿದ್ದಳು: "ಊಟಕ್ಕ ಬಾ ಅಂದ್ರ ಇಂವ ತಾಟು ತೊಳಕೋತ ಕೂಡ್ತಾನ, ಅಷ್ಟೊತ್ತಿಗೆ ಅಡಗಿ ಖಾಲಿ." ಅವ್ವನ ಮಾತು ಎಷ್ಟು ಖರೆ ಎಂಬುದು ನನಗೆ ಒಂದು ಹಾಳೆ ಕಾಗದದಿಂದ ತಿಳಿಯಿತು.

ಎರಡು ಸಾವಿರದ ಇಸವಿಯ ಆಸುಪಾಸು. ನಾನು ಹುಬ್ಬಳ್ಳಿಯ ದುರ್ಗದಬೈಲಿನ ಹಿಂದಿನ ಓಣಿಯಲ್ಲಿ, ಇಮಾಮಸಾಬರ ಪ್ರೆಸ್ಸಿನಲ್ಲಿ ಡಿಟಿಪಿ ಆಪರೇಟರ್ ಆಗಿದ್ದೆ. ಅಂದರೆ ಮೊದಲು ಅಚ್ಚಿನ ಮೊಳೆ ಜೋಡಿಸುತ್ತಿದ್ದವರ ಕೆಲಸವನ್ನು ಕಂಪ್ಯೂಟರಿನ ಮುಂದೆ ಕೂತು ಮಾಡುವವನು. ಲಗ್ನಪತ್ರಿಕೆ, ಅಂಗಡಿಯ ಪಾವತಿ ಪುಸ್ತಕ, ಗೃಹಪ್ರವೇಶದ ಕಾರ್ಡು ಇದ್ದೇ ಇದ್ದವು. ಆದರೆ ಆ ದಿನಗಳಲ್ಲಿ ಜೋರಾಗಿ ಎದ್ದದ್ದು ಬಯೋಡಾಟಾ. ಮೊದಲೆಲ್ಲ ಸೋದರಮಾವನ ಬಾಯಿಮಾತಿನಲ್ಲಿ ಮುಗಿಯುತ್ತಿದ್ದ ಕನ್ಯೆಯ ವರ್ಣನೆಗೆ ಈಗ ಹೂಬಳ್ಳಿಯ ಅಂಚಿನ ಒಂದು ಹಾಳೆ ಬೇಕಾಗಿತ್ತು. ನಾನು ಟೈಪ್ ಮಾಡಿದ ಕನ್ಯೆಯರೆಲ್ಲರ ಬಣ್ಣ ಗೋಧಿ, ಸ್ವಭಾವ ಶಾಂತ, ಮನೆಗೆಲಸದಲ್ಲಿ ನಿಪುಣ. ಪ್ರೂಫ್ ನೋಡುತ್ತ ಇಮಾಮಸಾಬರು ಒಮ್ಮೆ, "ಗಂಗಾಧರಾ, ಊರಾಗ ಇಷ್ಟು ಮಂದಿ ಶಾಂತ ಹೆಣ್ಮಕ್ಕಳದಾರ ಅಂದ್ರ, ಹೊರಗ ಮಾರ್ಕೆಟ್ಟಿನ್ಯಾಗ ಈ ಗದ್ಲ ಯಾರು ಮಾಡಾಕತ್ತಾರೋ?" ಎಂದು ಕೇಳಿದ್ದರು. ಅಂದಿನಿಂದ ಬಯೋಡಾಟಾಗಳನ್ನು ಓದುವುದನ್ನೇ ಬಿಟ್ಟರು. ಓದುತ್ತಿದ್ದರೆ ನನ್ನ ಕಥೆ ಬೇರೆಯೇ ಆಗುತ್ತಿತ್ತು.

ಯಂತ್ರದ ಶಾಯಿ ಒರೆಸಲು ನಾವು ರದ್ದಿ ತರಿಸುತ್ತಿದ್ದೆವು. ಒಂದು ದಿನ ಅದರಲ್ಲಿ ಝೆರಾಕ್ಸ್ ಮಾಡಿದ ಒಂದು ಇಂಗ್ಲಿಷ್ ಪುಸ್ತಕ ಸಿಕ್ಕಿತು. ಅದೊಂದು ಆಟದ ಪುಸ್ತಕ. ನಾಲ್ಕು ಜನ ಮೇಜಿನ ಸುತ್ತ ಕೂಡಬೇಕು. ಒಬ್ಬ ಕಥೆ ಹೇಳುತ್ತ ಹೋಗುತ್ತಾನೆ. ಉಳಿದವರು ಆ ಕಥೆಯೊಳಗಿನ ವೀರ, ಮಾಂತ್ರಿಕ, ಕಳ್ಳ ಏನಾದರೂ ಆಗಿ ತಾವು ಏನು ಮಾಡುತ್ತೇವೆಂದು ಹೇಳಬೇಕು. ಗೆದ್ದರೋ ಸತ್ತರೋ ದಾಳ ಹೇಳುತ್ತದೆ. ಅದಕ್ಕೂ ಮೊದಲು ಪ್ರತಿಯೊಬ್ಬರೂ ತಮ್ಮ ಪಾತ್ರವನ್ನು ಕಾಗದದ ಮೇಲೆ ಕಟ್ಟಿಕೊಳ್ಳಬೇಕು. ಕೈಯಲ್ಲಿ ಇಷ್ಟೇ ಅಂಕ. ಶಕ್ತಿಗೆ ಹೆಚ್ಚು ಕೊಟ್ಟರೆ ಬುದ್ಧಿಗೆ ಕಡಿಮೆ, ಮಾತಿಗೆ ಕೊಟ್ಟರೆ ಧೈರ್ಯಕ್ಕಿಲ್ಲ. ನನಗೆ ರೋಮಾಂಚನವಾಯಿತು. ಜಗತ್ತಿನ ಯಾವುದೋ ಮೂಲೆಯಲ್ಲಿ ನನ್ನಂಥವರಿಗಾಗಿಯೇ, ಬರೀ ತಯಾರಿಗಾಗಿಯೇ, ಒಂದು ಆಟ ಮಾಡಿದ್ದರು! ತೊಂದರೆಯೆಂದರೆ ಪುಸ್ತಕದಲ್ಲಿ ಪಾತ್ರ ಕಟ್ಟುವ ಅಧ್ಯಾಯವಷ್ಟೇ ಉಳಿದಿತ್ತು. ಆಟ ಆಡುವುದು ಹೇಗೆಂಬ ಪುಟಗಳಿಂದ ಬೆಳಿಗ್ಗೆಯೇ ಶಾಯಿ ಒರೆಸಿಯಾಗಿತ್ತು. ಒರೆಸಿದವನು ನಾನೇ.

ಆದರೂ ಎದೆಗುಂದದೆ ಇಬ್ಬರು ಗೆಳೆಯರನ್ನು ಕೂಡಿಸಿದೆ. ಇಪ್ಪತ್ತು ಮುಖದ ದಾಳ ಬೇಕೆಂದು ಪುಸ್ತಕದಲ್ಲಿತ್ತು. ಆಟಿಕೆ ಅಂಗಡಿಯವನು ನನ್ನನ್ನು ಮೇಲಿನಿಂದ ಕೆಳಗೆ ನೋಡಿ, "ಆರು ಮುಖದ್ದರಾಗ ಮನಿ ಮಠ ಕಳಕೊಂಡವ್ರನ್ನ ನೋಡೇನ್ರಿ. ನಿಮಗ ಇಪ್ಪತ್ತು ಯಾಕ ಬೇಕ್ರಿ?" ಎಂದ. ದಾಳ ಸಿಗಲಿಲ್ಲ. ದಾಳ ಸಿಗುವವರೆಗೆ ಪಾತ್ರ ಕಟ್ಟೋಣವೆಂದು ಕೂತೆವು. ಎರಡು ವರ್ಷ ಕಟ್ಟಿದೆವು. ಒಂಟಿಗಣ್ಣಿನ ಬಾಣಗಾರ, ಹಾವಿನ ಭಾಷೆ ಬಲ್ಲ ಬಳೆಗಾರ, ಮೆಣಸಿನಕಾಯಿ ಘಾಟಿನಿಂದ ವೈರಿಗಳನ್ನು ಓಡಿಸುವ ಬ್ಯಾಡಗಿಯ ಮಾಂತ್ರಿಕ ಹೀಗೆ ಒಂದು ಟ್ರಂಕು ತುಂಬ ವೀರರು ತಯಾರಾದರು. ಒಬ್ಬನೂ ಒಂದು ಹೆಜ್ಜೆ ನಡೆಯಲಿಲ್ಲ. ಗೆಳೆಯರಿಬ್ಬರಿಗೂ ಮದುವೆಯಾಗಿ ಅವರು ಬೇರೆ ತರಹದ ಆಟಕ್ಕೆ ಹೋದ ಮೇಲೆ, ಇದನ್ನು ಕಂಪ್ಯೂಟರಿನಲ್ಲೇ ಆಡುವಂತೆ ಮಾಡಿಬಿಡೋಣವೆಂದು ನಿಶ್ಚಯಿಸಿದೆ. ಕಂಪ್ಯೂಟರ್ ಕ್ಲಾಸಿನಲ್ಲಿ ಕಲಿತ ಅರ್ಧಮರ್ಧ ಪ್ರೋಗ್ರಾಮಿಂಗು, ಎರವಲು ತಂದ ಒಂದು ದಪ್ಪ ಪುಸ್ತಕ, ಮಧ್ಯಾಹ್ನ ಇಮಾಮಸಾಬರು ನಮಾಜಿಗೆ ಹೋದಾಗ ಸಿಗುವ ಸಮಯ ಇಷ್ಟೇ ಬಂಡವಾಳ. ಆರು ತಿಂಗಳಲ್ಲಿ ಒಂದು ಪರದೆ ಸಿದ್ಧವಾಯಿತು. ಶಕ್ತಿ, ಧೈರ್ಯ, ಮಾತು, ಬುದ್ಧಿ, ಸಹನೆ, ಅದೃಷ್ಟ ಎಂದು ಆರು ಗುಣ. ಹಂಚಲು ಮೂವತ್ತಾರು ಅಂಕ. ಕೆಳಗೆ 'ಆಟ ಆರಂಭಿಸಿ' ಎಂಬ ಗುಂಡಿ. ಗುಂಡಿಗೆ ಹನ್ನೊಂದು ಸಲ ಬಣ್ಣ ಬದಲಿಸಿದೆ. ಒತ್ತಿದರೆ ಏನೂ ಆಗುತ್ತಿರಲಿಲ್ಲ.

ಇಂಥದರಲ್ಲಿ ಗರಗದಿಂದ ಒಬ್ಬ ನಿವೃತ್ತ ಮಾಸ್ತರರು ಮಗಳ ಬಯೋಡಾಟಾ ಮಾಡಿಸಲು ಬಂದರು. ಇಮಾಮಸಾಬರಿಗೆ ಹಳೆಯ ಪರಿಚಯ. ಮಗಳು ಸುಮಂಗಲಾ, ಊರಿನ ಖಾದಿ ಕೇಂದ್ರದಲ್ಲಿ ನೂಲುವವರ ಮೇಲ್ವಿಚಾರಕಿ. ನಾನು ಎಂದಿನಂತೆ ಗೋಧಿ ಬಣ್ಣ, ಶಾಂತ ಸ್ವಭಾವ ಎಂದು ಟೈಪ್ ಮಾಡಿದೆ. ಆ ಹಾಳೆಯ ಅಂಚು ಎಷ್ಟು ಚೆಂದ ಕೂತಿತ್ತೆಂದರೆ, ಮಧ್ಯಾಹ್ನ ಅದೇ ಚೌಕಟ್ಟಿನೊಳಗೆ ನನ್ನ ಆಟದ ಹೊಸ ವೀರನಾರಿಯನ್ನು ಬರೆಯುವ ಆಸೆಯಾಯಿತು. ಮೇಲಿನ ಹೆಸರು, ಊರು, ತಂದೆಯ ಹೆಸರು ಹಾಗೇ ಇರಲಿ, ಆಮೇಲೆ ಬದಲಿಸಿದರಾಯಿತೆಂದು ಕೆಳಗಿನದಷ್ಟನ್ನು ಅಳಿಸಿ ನನ್ನದನ್ನು ತುಂಬಿದೆ. ಫೈಲನ್ನು ಬೇರೆ ಹೆಸರಿನಲ್ಲಿ ಉಳಿಸುವುದನ್ನು ಮರೆತು, ಹಳೆಯ ಹೆಸರಿನಲ್ಲೇ ಉಳಿಸಿ, ಚಹಾ ಕುಡಿಯಲು ಹೋದೆ. ಮರುದಿನ ಇಮಾಮಸಾಬರು ಅದನ್ನೇ ತೆಗೆದು ಮೂವತ್ತು ಪ್ರತಿ ಹೊಡೆದರು. ಕನ್ನಡಕ ಮನೆಯಲ್ಲೇ ಬಿಟ್ಟು ಬಂದಿದ್ದ ಮಾಸ್ತರರು, "ಎಲ್ಲಾ ಬರೋಬ್ಬರಿ ಐತ್ಯಲ್ಲಪಾ?" ಎಂದರು. ನಾನು ಹಾಳೆಯ ಅಂಚನ್ನಷ್ಟೇ ನೋಡಿ, "ಕಣ್ಣು ಮುಚ್ಚಿ ಕೊಡ್ರಿ ಸರ" ಎಂದೆ. ಅವರು ಹಾಗೇ ಕೊಟ್ಟರು. ನವಲಗುಂದ, ಕುಂದಗೋಳ, ನರಗುಂದ ಎಲ್ಲ ಕಡೆಗೂ.

ಹದಿನೈದು ದಿನಕ್ಕೆ ಮಾಸ್ತರರು ಮತ್ತೆ ಬಂದರು. ಈ ಸಲ ಕನ್ನಡಕ ಇತ್ತು. ಒಂದು ಹಾಳೆಯನ್ನು ನನ್ನ ಮುಂದೆ ಹರಡಿ, ಶಾಲೆಯಲ್ಲಿ ಹುಡುಗರಿಂದ ಓದಿಸುವಂತೆ, "ಓದ್ರಿ" ಎಂದರು. ಓದಿದೆ. ಕುಮಾರಿ ಸುಮಂಗಲಾ. ಶಕ್ತಿ ಒಂಬತ್ತು, ಧೈರ್ಯ ಒಂಬತ್ತು, ಮಾತು ಎಂಟು, ಬುದ್ಧಿ ಐದು, ಸಹನೆ ಮೂರು, ಅದೃಷ್ಟ ಎರಡು. ಒಟ್ಟು ಗುಣ ಮೂವತ್ತಾರು. ಆಯುಧ ಕುಡಗೋಲು. ಇದುವರೆಗೆ ಕೆಡವಿದವರು ಹದಿನಾಲ್ಕು ಮಂದಿ. ಸಿಟ್ಟು ಬಂದರೆ ನಮ್ಮವರು ತಮ್ಮವರು ನೋಡುವುದಿಲ್ಲ.

"ಹದಿನಾಲ್ಕು ಮಂದಿನ್ನ ನನ್ನ ಮಗಳು ಯಾವಾಗ ಕೆಡವಿದಳ್ರಿ?" ಎಂದರು ಮಾಸ್ತರರು. "ನವಲಗುಂದದವ್ರು ಏನಂದ್ರು ಗೊತ್ತೈತೇನು? ಜಾತಕ ಕೂಡಸೂವಾಗ ಇಬ್ಬರದೂ ಸೇರಿ ಹದಿನೆಂಟು ಗುಣ ಕೂಡಿದ್ರ ಸಾಕು ಅಂತಾರ. ಮೂವತ್ತಾರಕ್ಕ ಮೂವತ್ತಾರೂ ಹುಡಿಗಿ ಕಡೇನ ಇದ್ರ ನಮ್ಮ ಹುಡುಗಗ ಉಳದದ್ದೇನ್ರಿ ಅಂದ್ರು. ಕುಂದಗೋಳದವ್ರು, ಕುಡಗೋಲು ತವರಮನಿಯಿಂದ ತರ್ತಾಳೋ ನಾವ ಕೊಡಸಬೇಕೋ ಅಂತ ಕೇಳಿ ಕಳಿಸ್ಯಾರ!"

ಇಮಾಮಸಾಬರು ಗರ ಬಡಿದವರಂತೆ ಕುರ್ಚಿಯಲ್ಲಿ ಕೂತರು. ನನಗಂತೂ ನಿಂತ ನೆಲ ಬಾಯಿಬಿಟ್ಟು ನುಂಗಬಾರದೇ ಎನಿಸಿತು. ಯಾರದೋ ಮನೆಯ ಹುಡುಗಿಯ ಮದುವೆಯ ಮೇಲೆ ನನ್ನ ಕೈಯಾರೆ ಕಲ್ಲು ಹಾಕಿದ್ದೆ. ತಪ್ಪಾಯಿತೆಂದು ಕೈ ಮುಗಿಯುವಷ್ಟರಲ್ಲಿ, ಇಷ್ಟು ಹೊತ್ತು ಬಾಗಿಲ ಬಳಿ ನಿಂತಿದ್ದ ಹುಡುಗಿಯೊಬ್ಬಳು ಒಳಗೆ ಬಂದಳು. ಗರಗದ ಖಾದಿ ಸೀರೆ, ಹೆಗಲಿಗೆ ಚೀಲ.

"ಸಹನೆ ಮೂರು ಅಂತ ನಿಮಗ ಹೆಂಗ ಗೊತ್ತಾತು?" ಎಂದಳು. ಅವಳೇ ಸುಮಂಗಲಾ.

"ಅಂದಾಜಿಲೆ ಬರದೇನ್ರಿ" ಎಂದೆ. ಹಾಗೆ ಹೇಳಬಾರದಿತ್ತು, ಆದರೆ ಬಾಯಿಗೆ ಬಂದದ್ದು ಅದೇ.

"ಬರೋಬ್ಬರಿ ಐತಿ. ನಮ್ಮವ್ವ ಎರಡು ಅಂತಾಳ." ಆಮೇಲೆ ನನ್ನ ಕಂಪ್ಯೂಟರಿನ ಪರದೆಯತ್ತ ಕೈ ತೋರಿಸಿ ಇದೇನೆಂದು ಕೇಳಿದಳು. ತೊದಲುತ್ತ ಎಲ್ಲವನ್ನೂ ಹೇಳಿದೆ: ರದ್ದಿ ಪುಸ್ತಕ, ಸಿಗದ ದಾಳ, ಟ್ರಂಕಿನ ವೀರರು. ಅವಳು ಮೌಸು ಹಿಡಿದು 'ಆಟ ಆರಂಭಿಸಿ' ಎಂಬಲ್ಲಿ ಒತ್ತಿದಳು. ಏನೂ ಆಗಲಿಲ್ಲ. ಮತ್ತೊಮ್ಮೆ ಒತ್ತಿದಳು.

"ಆಟ ಎಲ್ಲೈತ್ರಿ?"

"ಆಟ ಇನ್ನೂ ಇಲ್ರಿ. ಪಾತ್ರ ಅಷ್ಟ ತಯಾರದಾವು."

"ಎಷ್ಟು ದಿವಸಾತು?"

"ಎರಡೂವರಿ ವರ್ಷ."

ಹದಿನಾಲ್ಕು ಮಂದಿಯನ್ನು ಕೆಡವಿದ ಸುದ್ದಿಗೆ ಬೆಚ್ಚದವಳು ಈ ಮಾತಿಗೆ ಹೌಹಾರಿದಳು. "ಎರಡೂವರಿ ವರ್ಷ ಬರೇ ಪಾತ್ರ? ನಮ್ಮ ಕೇಂದ್ರದಾಗ ನೂಲು ತಗದು ತಗದು ಲಡಿ ಕಟ್ಟಿ ಇಟ್ರ ಅರಿವಿ ಆಗತೈತೇನ್ರಿ? ಮಗ್ಗಕ್ಕ ಏರಸಬೇಕು. ಎಳಿ ಹರೀತಾವು, ಕಟ್ಟಬೇಕು, ಮತ್ತ ನೇಯಬೇಕು." ಆಮೇಲೆ ತಂದೆಯ ಕಡೆ ತಿರುಗಿ, "ಅಪ್ಪಾ, ಹದಿನಾಲ್ಕು ಮಂದಿ ಮತ್ತ ಕುಡಗೋಲು ಅಷ್ಟ ತಗಸು. ಉಳದದ್ದು ಹಂಗ ಇರ್ಲಿ. ಈ ಮೊದಲ ಶಾಂತ ಸ್ವಭಾವ ಅಂತ ಬಾಯಿಲೆ ಹೇಳಿದಾಗ ಬಂದವ್ರೆಲ್ಲಾ ಉಪ್ಪಿಟ್ಟು ತಿಂದು ಹೋದ್ರು. ಇದನ್ನ ಓದಿ ಬರಾಂವ ಖರೇನ ಬರಾಂವ" ಎಂದಳು. ಮಾಸ್ತರರು ಏನೋ ಹೇಳಲು ಬಾಯಿ ತೆರೆದು, ಮಾತು ಎಂಟು ಎಂಬುದು ನೆನಪಾಗಿ ಮುಚ್ಚಿಕೊಂಡರು.

ಆಮೇಲೆ ಅವಳು ಪ್ರೆಸ್ಸಿಗೆ ಬರತೊಡಗಿದಳು. ಖಾದಿ ಕೇಂದ್ರದ ಚೀಟಿ ಮುದ್ರಿಸಬೇಕು, ಚೀಟಿಯಲ್ಲಿ ಒಂದು ಅಕ್ಷರ ತಪ್ಪಿದೆ, ತಿದ್ದಿದ ಚೀಟಿಯ ಬಣ್ಣ ಸರಿಯಿಲ್ಲ. ಗರಗದಿಂದ ಧಾರವಾಡ, ಧಾರವಾಡದಿಂದ ಹುಬ್ಬಳ್ಳಿ, ಎರಡು ಬಸ್ಸು ಹಿಡಿದು ಒಂದು ದೀರ್ಘಾಕ್ಷರಕ್ಕಾಗಿ ಬರುವ ಅವಳ ಭಾಷಾಭಿಮಾನ ಕಂಡು ನಾನು ಬೆರಗಾಗುತ್ತಿದ್ದೆ. ಬಂದಾಗಲೆಲ್ಲ, "ಗುಂಡಿ ಒತ್ತಿದ್ರ ಏನರ ಆತೇನ್ರಿ?" ಎಂದು ಕೇಳುವಳು. ನಾನು ಗುಂಡಿಯ ಹೊಸ ಬಣ್ಣ ತೋರಿಸುವೆ. ಒಂದು ಸಲ ಮಾಸ್ತರರು ಒಬ್ಬರೇ ಬಂದು, "ನಿಮ್ಮ ಮನಿದೇವ್ರು ಯಾರ್ರಿ? ಅಣ್ತಮ್ಮಂದ್ರು ಎಷ್ಟು ಮಂದಿ?" ಎಂದು ವಿಚಾರಿಸಿದರು. ನಾನು ಎಲ್ಲವನ್ನೂ ವಿವರವಾಗಿ ಹೇಳಿ, "ಯಾಕ್ರಿ ಸರ, ಬಯೋಡಾಟಾದಾಗ ಮನಿದೇವ್ರ ಕಾಲಂ ಒಂದು ಹಾಕಸಬೇಕಾಗಿತ್ತೇನ್ರಿ?" ಎಂದೆ. ಮಾಸ್ತರರು ಇಮಾಮಸಾಬರ ಮುಖ ನೋಡಿದರು. ಇಮಾಮಸಾಬರು ಫ್ಯಾನಿನ ಮುಖ ನೋಡಿದರು.

ಅವರು ಹೋದ ಮೇಲೆ ಇಮಾಮಸಾಬರು ಹಣೆ ಚಚ್ಚಿಕೊಂಡರು. "ಏ ಹುಚ್ಚಾ, ಇಷ್ಟು ಮಂದಿ ಲಗ್ನದ ಕಾಗದ ಮಾಡಿ, ನಿನ್ನ ಲಗ್ನ ಬಾಗಲಕ್ಕ ಬಂದು ನಿಂತದ್ದು ತಿಳೀಲಿಲ್ಲೇನೋ? ಹೋಗಿ ಒಂದು ಮಾತು ಕೇಳು." ನನಗೆ ಸಿಡಿಲು ಬಡಿದಂತಾಯಿತು. ಸಂತೋಷದ ಸಿಡಿಲೇ, ಆದರೆ ಸಿಡಿಲು ಸಿಡಿಲೇ. ಅವಳೆಂದರೆ ನನಗೆ ಇಷ್ಟ, ಬಹಳ ಇಷ್ಟ ಎಂಬುದೂ ಆ ಕ್ಷಣದಲ್ಲೇ ಗೊತ್ತಾಯಿತು. ಕೇಳಲೇಬೇಕೆಂದು ನಿಶ್ಚಯಿಸಿದೆ. ಆದರೆ ಕೇಳುವ ಮೊದಲು ಸ್ವಲ್ಪ ತಯಾರಿ ಬೇಡವೇ? ಅವಳ ಹಾಳೆ ಇದೆ, ನನ್ನದಿಲ್ಲ. ನನ್ನದೊಂದು ಪ್ರಾಮಾಣಿಕ ಹಾಳೆ ಮಾಡಿ ಅವಳ ಕೈಗೆ ಕೊಡುವುದೆಂದು ಯೋಚಿಸಿ ಕೂತೆ. ಅದೇ ಆರು ಗುಣ, ಅದೇ ಮೂವತ್ತಾರು ಅಂಕ. ಧೈರ್ಯಕ್ಕೆ ಏಳು ಎಂದು ಬರೆದೆ. ಸುಳ್ಳೆನಿಸಿ ಐದು ಮಾಡಿದೆ. ಐದು ನೋಡಿದರೆ ಅವಳು ಏನೆಂದಾಳೋ ಎಂದು ಆರು ಮಾಡಿದೆ. ಆ ಒಂದು ಅಂಕವನ್ನು ಮಾತಿನಿಂದ ತೆಗೆಯಬೇಕೋ ಬುದ್ಧಿಯಿಂದಲೋ? ನಡುವೆ ಅವಳು ಎರಡು ಸಲ ಬಂದು ಹೋದಳು. "ಏನರ ಹೇಳೂದೈತೇನ್ರಿ?" ಎಂದು ಒಂದು ಸಲ ಕೇಳಿದಳು ಕೂಡ. "ಇನ್ನೊಂದೀಟು ಕೆಲಸ ಉಳದೈತ್ರಿ" ಎಂದೆ.

ಕೊನೆಗೊಂದು ದಿನ ಹಾಳೆ ಸಿದ್ಧವಾಯಿತು. ಹೂಬಳ್ಳಿಯ ಅಂಚು ಹಾಕಿ, ಮುದ್ರಿಸಿ, ಕಿಸೆಯಲ್ಲಿಟ್ಟುಕೊಂಡು ಕೂತೆ. ಅದೇ ವಾರ ಅವಳು ಬಂದಳು. ಕೈಯಲ್ಲಿ ಅರಿಸಿನ ಹಚ್ಚಿದ ಒಂದು ಕಾಗದ. ನನ್ನ ಮುಂದಿಟ್ಟಳು. ಅಚ್ಚು ಹಾಕಬೇಕಾದ ಅವಳದೇ ಲಗ್ನಪತ್ರಿಕೆಯ ಮಜಕೂರು.

ವರ ನವಲಗುಂದದವನು. ಮೂವತ್ತಾರೂ ಅವಳ ಕಡೆಯೇ ಇದ್ದರೆ ನಮ್ಮ ಹುಡುಗನಿಗೆ ಉಳಿದದ್ದೇನು ಎಂದು ಕೇಳಿದ್ದ ಮನೆಯವರ ಮಗನೇ. ಹಿರಿಯರ ಕೈಯಿಂದ ಹಾಳೆ ಇಸಿದುಕೊಂಡು ಓದಿ, "ಸಹನೆ ನನ್ನ ಕಡೆ ಐತಿ, ಉಳದದ್ದು ಆಕಿ ಕಡೆ ಇರ್ಲಿ" ಎಂದನಂತೆ. ಒಬ್ಬನೇ ಬಸ್ಸು ಹತ್ತಿ ಗರಗಕ್ಕೆ ಬಂದನಂತೆ. ನಾನು ಆ ಕಾಗದ ಎತ್ತಿಕೊಳ್ಳಲು ಬಾಗಿದೆ. ಕಿಸೆಯಲ್ಲಿ ನನ್ನ ಹಾಳೆ ಗರಗರ ಎಂದಿತು.

"ನಾ ನಿಮ್ಮನ್ನ..." ಎಂದೆ. ಮುಂದಿನದು ಹೊರಡಲಿಲ್ಲ. ಮಾತಿನಿಂದಲೇ ಒಂದು ಅಂಕ ತೆಗೆದಿದ್ದೆ.

"ಗೊತ್ತೈತ್ರಿ" ಎಂದಳು, ಮೆಲ್ಲಗೆ. "ಸಹನೆ ಮೂರು ಅಂತ ನೀವ ಬರದಿದ್ರಿ. ತಿಂಗಳಿಗೆ ಒಂದರಂಗ ಖರ್ಚು ಮಾಡಿದೆ. ಮುಗೀತ್ರಿ."

ಆ ಲಗ್ನಪತ್ರಿಕೆಯನ್ನು ನಾನೇ ಜೋಡಿಸಿದೆ. ಹೆಸರುಗಳನ್ನು ನಾಲ್ಕು ಸಲ ನೋಡಿದೆ, ಒಂದೂ ತಪ್ಪಿಲ್ಲ. ಆ ಹಾಳು ನಿಷ್ಠೆ ಆ ದಿನವೇ ಬರಬೇಕಿತ್ತೇ ಎಂದು ಇಂದಿಗೂ ಸಂಕಟವಾಗುತ್ತದೆ. ಅವಳ ಮದುವೆಯ ಮರುದಿನ ಕೂತು ಗುಂಡಿಗೆ ಜೀವ ಬರಿಸಿದೆ. ಎಳೆ ಹರಿದವು, ಕಟ್ಟಿದೆ, ಒಂದು ವರ್ಷದಲ್ಲಿ ಆಟ ಮುಗಿಯಿತು. ಚಿಕ್ಕ ಆಟ. ಗರಗದ ಬಸ್ ನಿಲ್ದಾಣದಲ್ಲಿ ಒಬ್ಬ ವೀರನಾರಿ ಜೊತೆಗಾರನಿಗಾಗಿ ಕಾದಿರುತ್ತಾಳೆ. ಆಡುವವರು ತಮ್ಮ ಪಾತ್ರಕ್ಕೆ ಗುಣ ಹಂಚಿಕೊಂಡು ಅವಳಲ್ಲಿಗೆ ಹೋಗಬೇಕು. ಹಂಚುತ್ತ ಕೂತಷ್ಟೂ ಪರದೆಯ ಮೂಲೆಯಲ್ಲಿ ದಿನಗಳು ಕಳೆಯುತ್ತವೆ. ಮೂರು ತಿಂಗಳಾದೊಡನೆ ಬಸ್ಸು ಬರುತ್ತದೆ, ಅವಳು ಹತ್ತಿ ಹೋಗುತ್ತಾಳೆ. ಸಿಡಿಗೆ ಹಾಕಿ ಹತ್ತಾರು ಜನರಿಗೆ ಕೊಟ್ಟೆ. ಓಣಿಯ ಸಣ್ಣ ಮಕ್ಕಳು ಕೂಡ ಏನೋ ನಾಲ್ಕು ಅಂಕ ಒತ್ತಿ, ಓಡಿ ಹೋಗಿ, ಗೆದ್ದು ಬರುತ್ತಾರೆ. ನಾನೂ ಹನ್ನೆರಡು ಸಲ ಆಡಿದ್ದೇನೆ. ಪ್ರತಿ ಸಲವೂ ಧೈರ್ಯಕ್ಕೆ ಐದೋ ಆರೋ ಎಂದು ಯೋಚಿಸುತ್ತಿರುವಾಗಲೇ ಬಸ್ಸು ಬರುತ್ತದೆ.