ತೆರೆದ ಫೈಲಿಗೆ ಕರೆಂಟೆಷ್ಟು?

ಹುಣಸೂರು ಬಸ್ ನಿಲ್ದಾಣದ ಹತ್ತಿರ ಡಿಟಿಪಿ ಅಂಗಡಿ ಇಟ್ಟವಳು ಸಿಟ್ಟು ಬರಿಸುವವರನ್ನು ಹುಡುಕಿಕೊಂಡು ಹೋಗಬೇಕಿಲ್ಲ, ಅವರೇ ಸಾಲುಗಟ್ಟಿ ಬರುತ್ತಾರೆ. ನನಗೆ ಕಂಪ್ಯೂಟರ್ ಯಾರೂ ಕಲಿಸಲಿಲ್ಲ. ಡಿಕ್ಷನರಿ ಪಕ್ಕದಲ್ಲಿಟ್ಟುಕೊಂಡು ಇಂಗ್ಲಿಷ್ ಪುಸ್ತಕ ಓದಿ ಕಲಿತೆ. ಎಚ್.ಡಿ. ಕೋಟೆ, ಪಿರಿಯಾಪಟ್ಟಣದವರಿಗೆ ಬಸ್ಸು ತಪ್ಪಬಾರದೆಂದು ನಾಲ್ಕಾರು ಜನರ ಫೈಲು ಒಟ್ಟಿಗೆ ತೆರೆದಿಡುತ್ತಿದ್ದೆ. ಒಬ್ಬರು ಪ್ರೂಫ್ ಓದುವಷ್ಟರಲ್ಲಿ ಕೀಲಿ ಒತ್ತಿ ಇನ್ನೊಬ್ಬರದಕ್ಕೆ ಹಾರುತ್ತಿದ್ದೆ. ಮೌಸ್ ಮುಟ್ಟಲೂ ಪುರುಸೊತ್ತಿರಲಿಲ್ಲ.

೧. ಪಕ್ಕದ ಫೈಲು

ಕಂಪಲಾಪುರದ ಯಜಮಾನರೊಬ್ಬರ ಗೃಹಪ್ರವೇಶದ ಕಾರ್ಡು. ಅವರ ಕಣ್ಣೆದುರೇ ಕೀಲಿ ಒತ್ತಿದೆ, ಪರದೆ ಮೇಲೆ ಯಾರದೋ ತಿಥಿ ಕಾರ್ಡು ಬಂತು. ಕುರ್ಚಿಯಿಂದ ಎದ್ದೇಬಿಟ್ಟರು. ಎರಡೂ ಬೇರೆ ಫೈಲು, ಅದರ ಸೂತಕ ಇದಕ್ಕೆ ತಟ್ಟುವುದಿಲ್ಲ ಎಂದು ಗಂಟಲು ಹರಿದುಕೊಂಡೆ. ಕೊನೆಗೆ ಅವರೇ ಇಳಿದು ಬಂದರು: "ಆಯ್ತು ಕಣಮ್ಮ, ಮಧ್ಯಕ್ಕೆ ಒಂದು ಮದುವೇದಾದ್ರೂ ಇಡಿ."

೨. ಮೀಟರು

ಈ ಕತೆ ನಮ್ಮ ಕಟ್ಟಡದ ಮಾಲೀಕರ ಕಿವಿಗೆ ಬಿತ್ತು, ಅವರ ಮನೆ ಮೇಲಿನ ಮಹಡಿಯಲ್ಲೇ. ಅಂಗಡಿಯ ಕರೆಂಟ್ ಬಿಲ್ಲೂ ಬಾಡಿಗೆಯಲ್ಲೇ ಸೇರಿತ್ತು.

"ಮನೇಲಿ ಎಲ್ಲಾ ರೂಮಿನ ಬಲ್ಬೂ ಒಟ್ಟಿಗೆ ಹಾಕ್ತಾರೇನಮ್ಮ? ಒಂದು ಫೈಲ್ ಆರಿಸಿ ಇನ್ನೊಂದು ತೆಗಿ. ಆಗಲ್ಲ ಅಂದ್ರೆ ಅಂಗಡಿ ಖಾಲಿ ಮಾಡು."

ಫೈಲು ಕರೆಂಟು ತಿನ್ನುವುದಿಲ್ಲ ಎಂದರೆ, ಹೆಂಗಸರಿಗೆ ಮೀಟರಿನ ವಿಷಯ ಏನು ಗೊತ್ತು ಅಂದರು. ಮೈ ಉರಿಯಿತು. ಆದರೆ ಆ ಜಾಗ ಬಿಟ್ಟರೆ ಹೊಟ್ಟೆಪಾಡಿಗೆ ಬೇರೆ ದಾರಿಯಿರಲಿಲ್ಲ. ಹಲ್ಲು ಕಚ್ಚಿಕೊಂಡು ಒಂದೊಂದೇ ತೆರೆದೆ. ಬಸ್ಸು ತಪ್ಪಿದವರೆಲ್ಲ ನನ್ನನ್ನೇ ಬೈದರು. ಮರುದಿನ ಸಂಜೆ ಮಾಲೀಕರು ಮೀಟರ್ ನೋಡಿ ಬಂದು, ಚಕ್ರ ತಿರುಗೋದೇ ನಿಂತದೆ ಎಂದು ಬೀಗಿದರು.

ಮಧ್ಯಾಹ್ನದಿಂದ ಊರಿಗೇ ಕರೆಂಟಿರಲಿಲ್ಲ.

೩. ಸೋದರಮಾವ

ಮುಂದೆ ಮಾಲೀಕರ ಕಿರಿಮಗಳ ಮದುವೆ ಗೊತ್ತಾಯಿತು. ಹಿರಿಮಗಳ ಲಗ್ನಪತ್ರಿಕೆಯ ಫೈಲು ನನ್ನಲ್ಲೇ ಇತ್ತು. ಅದನ್ನೂ ತೆರೆದರೆ ನೆಂಟರ ಹೆಸರೆಲ್ಲ ಹಾಗೇ ಎತ್ತಿ ಹಾಕಬಹುದು. ತೆರೆಯಲೇ ಎಂದು ಬೇಕಂತಲೇ ಕೇಳಿದೆ. ಎರಡು ಫೈಲು ಬೇಡ, ನನ್ನ ನೆಂಟರು ನನಗೆ ಗೊತ್ತಿಲ್ವಾ ಎಂದು ಬಾಯಲ್ಲೇ ಹೇಳುತ್ತ ಹೋದರು. ಹೇಳಿದ್ದನ್ನು ಟೈಪು ಹೊಡೆದೆ, ಓದಿ ಹೇಳಿದೆ, ಪ್ರೂಫಿಗೆ ಸಹಿ ಹಾಕಿಸಿಕೊಂಡೆ. ಪತ್ರಿಕೆ ಅಚ್ಚಾಗಿ ಮಹಡಿಗೆ ಹೋಯಿತು.

ಸ್ವಲ್ಪ ಹೊತ್ತಿಗೆ ಮಾಲೀಕರು ಬರಿಗಾಲಲ್ಲಿ ಇಳಿದು ಬಂದರು. ತಮ್ಮ ಕಡೆಯ ದೂರದ ದಾಯಾದಿಗಳನ್ನೂ ಬಿಡದೆ ಹೇಳಿದ್ದವರು ಹೆಂಡತಿಯ ಅಣ್ಣನನ್ನೇ ಮರೆತಿದ್ದರು. ಹುಡುಗಿಯ ಸೋದರಮಾವ! ಹೆಂಡತಿ ಒಲೆ ಆರಿಸಿ, ತವರಿಗೆ ಹೊರಡಲು ಸೀರೆ ಮಡಚುತ್ತಿದ್ದರಂತೆ.

ಒಂದೇ ಫೈಲು ತೆರೆಯಬೇಕೆಂದು ನಿಮ್ಮದೇ ಅಪ್ಪಣೆಯಲ್ಲವೇ ಎಂದು ಕೈಕಟ್ಟಿ ಕೂತೆ.

ಮಹಡಿಯ ಕಡೆ ಒಮ್ಮೆ ನೋಡಿ ಅವರು ದನಿ ತಗ್ಗಿಸಿದರು. "ಎಷ್ಟು ಬೇಕೋ ಅಷ್ಟು ತೆಗೀರಿ ತಾಯಿ. ನಮ್ಮನೆ ಫ್ಯಾನ್ ಆರಿಸ್ಕೋತೀನಿ."