ಅರ್ಧ ತಲೆಗೆ ಅರ್ಧ ಪುಡಿ

ಕಾನ್ವೆಂಟಿನಲ್ಲಿ ಕಲಿತವಳು ನಾನು. ಚಾದರದ ಮೇಲೆ ಒಂದು ಸುಕ್ಕು ಕಂಡರೂ ಸಹಿಸುವವಳಲ್ಲ. ಆದರೆ ನಾನು ಮೇಟ್ರನ್ ಆಗಿದ್ದ ಜಮಖಂಡಿಯ ದವಾಖಾನೆಗೆ ಅರೆತಲೆನೋವಿನವರು ಬಂದರೆಂದರೆ ನನ್ನ ಶಿಸ್ತಿಗೆ ಅಂದು ಏನಾದರೊಂದು ಆಗಲೇಬೇಕು. ಮುಂಬಯಿ ಸರಕಾರದ ಕಾಲವದು. ಕಂಪೌಂಡರು ಮೂರು ಔಷಧ ಅರೆದು ಕೂಡಿಸಿ ಪೊಟ್ಟಣ ಕಟ್ಟುತ್ತಿದ್ದರು. ರೋಗಿಗಳು ಅದಕ್ಕೆ ತಮ್ಮದೂ ನಾಲ್ಕು ಕೂಡಿಸುತ್ತಿದ್ದರು. ಕಡೆಗೆ ನಾನೇ ಬಾಗಿಲಿಗೆ ಫಲಕ ಹಾಕಿಸಿದೆ: 'ಇಲ್ಲಿಯ ಔಷಧದೊಡನೆ ಬೇರೆ ಔಷಧ ಕೂಡಿಸಬಾರದು.'

ನೆಗೆಣ್ಣಿಯರು

ಬನಹಟ್ಟಿಯ ನೇಕಾರರ ಮನೆಯಿಂದ ಇಬ್ಬರು ನೆಗೆಣ್ಣಿಯರು, ಅಣ್ಣತಮ್ಮಂದಿರ ಹೆಂಡಿರು, ಬಂದರು. ಹಿರಿಯಳಿಗೆ ಎಡಗಡೆ ನೋವು, ಕಿರಿಯಳಿಗೆ ಬಲಗಡೆ. ತಲಾ ಆರು ಪೊಟ್ಟಣ ಕೊಟ್ಟೆ. ವಾರದ ಮೇಲೆ ಹಿರಿಯಳು ಆರು ಪೊಟ್ಟಣ ಮರಳಿ ತಂದಳು.

"ಯಾಕೆ, ತಗೊಳ್ಳಲಿಲ್ಲವೇ?"

"ತಗೊಂಡೇವ್ರೀ ಬಾಯಾರ. ನಂದು ಅರ್ಧಾ ತಲಿ, ಅಕಿದು ಅರ್ಧಾ ತಲಿ. ಕೂಡಿದ್ರ ಒಂದ ತಲಿ ಆತಲ್ರೀ? ಒಂದೊಂದ ಪುಡಿ ಇಬ್ಬರೂ ಹಂಚ್ಕೊಂಡ್ವಿ."

ಆಚಾರ್ಯರು

ಮುಧೋಳದ ಆಚಾರ್ಯರೊಬ್ಬರು ಅರೆತಲೆನೋವಿಗೆಂದು ವೈದ್ಯರ ಚೂರ್ಣ, ಹಕೀಮರ ಗುಳಿಗೆ, ನಮ್ಮ ಪುಡಿ, ಮೂರನ್ನೂ ಹೊತ್ತು ಮೂಡುವ ಮೊದಲು ಮನೆಮದ್ದಿನ ಜಿಲೇಬಿಯ ಜೊತೆ ಒಟ್ಟಿಗೇ ತಿನ್ನುತ್ತಿದ್ದರು. ಫಲಕದ ಮುಂದೆ ನಿಲ್ಲಿಸಿ ಓದಿಸಿದೆ. "ಎಲ್ಲಾ ಬಿಡಿ, ಒಂದೇ ಇಟ್ಟುಕೊಳ್ಳಿ," ಎಂದೆ.

ಮರುವಾರ ನಗುನಗುತ್ತ ಬಂದರು. "ನೀವು ಹೇಳಿದಂಗ ಒಂದ ಇಟ್ಕೊಂಡೇನಿ ನೋಡ್ರೀ ಬಾಯಾರ."

"ಯಾವುದು?"

"ಜಿಲೇಬಿ."

ದೊಡ್ಡ ಡಾಕ್ಟರು

ವಿಜಾಪುರದಿಂದ ದೊಡ್ಡ ಡಾಕ್ಟರು ತಪಾಸಣೆಗೆ ಬರುವ ಬೆಳಿಗ್ಗೆಯೇ ನನ್ನ ಎಡಗಣ್ಣಿನ ಮೇಲೆ ಸುತ್ತಿಗೆಯ ಪೆಟ್ಟು ಶುರುವಾಯಿತು. ಫಲಕ ಹಾಕಿಸಿದವಳೇ ಮಲಗಿಬಿಟ್ಟರೆ ನನ್ನ ಗತ್ತೆಲ್ಲ ಮಣ್ಣುಪಾಲು. ಪುಡಿ ನುಂಗಿದೆ, ನೋವು ಜಗ್ಗಲಿಲ್ಲ. ಸಾಲಿನಲ್ಲಿ ಕುಳಿತಿದ್ದ ಅದೇ ಹಿರಿಯ ನೆಗೆಣ್ಣಿ ನಾನು ಪುಡಿ ನುಂಗಿದ್ದನ್ನೂ ನನ್ನ ಮುಖವನ್ನೂ ನೋಡಿದವಳೇ ಸೆರಗಿನ ಗಂಟು ಬಿಚ್ಚಿ ಜಾಜಿಕಾಯಿ ತೆಗೆದು ಕಲ್ಲಿಗೆ ತೇಯತೊಡಗಿದಳು. ಫಲಕಕ್ಕೆ ಬೆನ್ನು ಮಾಡಿ ಕುಳಿತೆ. ಹಣೆಯ ಎಡಭಾಗಕ್ಕೆ ಬಳಿಸಿಕೊಂಡು, ಅದರ ಮೇಲೆ ಗಂಜಿ ಹಾಕಿದ ಟೋಪಿ ಎಳೆದುಕೊಂಡೆ.

ದೊಡ್ಡ ಡಾಕ್ಟರು ಫಲಕ ಓದಿ, "ಭೇಷ್! ಶಿಸ್ತು ಅಂದರೆ ಇದು," ಎಂದರು. ಅಷ್ಟರಲ್ಲಿ ಬೆವರಿಗೆ ಜಾಜಿಕಾಯಿ ಕರಗಿ, ಹುಬ್ಬು ದಾಟಿ, ಮೂಗಿನ ಮೇಲೆ ಇಳಿಯಿತು.

"ಇದೇನು, ಮೇಟ್ರನ್?"

ನಾನು ಬಾಯಿ ತೆರೆಯುವ ಮೊದಲೇ ನೆಗೆಣ್ಣಿ ಎದ್ದು ನಿಂತಳು.

"ಬಾಯಾರ್ದು ಏನೂ ತಪ್ಪಿಲ್ರೀ ಸಾಹೇಬ್ರ. ಎರಡೂ ಕೂಡಿಸೇ ಇಲ್ಲ. ನಿಮ್ಮದು ಹೊಟ್ಟ್ಯಾಗ ಐತಿ, ನಂದು ಹಣಿ ಮ್ಯಾಲ ಐತಿ. ಒಂದಕ್ಕೊಂದು ಇನ್ನಾ ಭೆಟ್ಟಿನೂ ಆಗಿಲ್ಲ!"