ನಾಲ್ಕಕ್ಕೆ ಹೊರಟು ನಾಲ್ಕಕ್ಕೇ ತಲುಪುವ ಟ್ಯಾಂಕು

"ದಾವಣಗೆರೆಯಿಂದ ಲಿಸ್ಬನ್ನಿಗೆ ಸುಮಾರು ಒಂಬತ್ತು ಸಾವಿರ ಕಿಲೋಮೀಟರ್. ಪ್ರಯಾಣಕ್ಕೆ ಹಿಡಿಯೋ ಹೊತ್ತು ಎಷ್ಟು ಹೇಳು? ಸೊನ್ನೆ!"

ನಮ್ಮ ಯಜಮಾನರು ಶೇಷಗಿರಿರಾಯರು ತಾರಸಿ ಮೇಲಿನ ನೀರಿನ ಟ್ಯಾಂಕಿನ ಬೆನ್ನು ತಟ್ಟಿ ಹೀಗೆಂದರು. ನೀರೆಲ್ಲ ಚೆಲ್ಲಿ, ಒಳಗೆ ಎರಡು ಕುರ್ಚಿ ಹಾಕಿ, ಪಕ್ಕದಲ್ಲೊಂದು ಕಿಟಕಿ ಕೊರೆದು ಅದನ್ನೇ ವಿಮಾನ ಮಾಡಿದ್ದರು. ಎರಡು ದಿನದಿಂದ ನಾನು ಪಕ್ಕದ ಮನೆ ಗಿರಿಜಕ್ಕನ ಹತ್ತಿರ ನೀರು ಬೇಡಿ ತರ್ತಿದ್ದೆ!

"ಸೂರ್ಯನಷ್ಟೇ ವೇಗವಾಗಿ ಪಶ್ಚಿಮಕ್ಕೆ ಓಡುತ್ತೆ ಕಣೇ. ಇಲ್ಲಿ ನಾಲ್ಕು ಗಂಟೆಗೆ ಹೊರಟರೆ ಅಲ್ಲಿ ಇಳಿದಾಗಲೂ ನಾಲ್ಕೇ!"

"ಇವತ್ತು ನನ್ನ ಇಪ್ಪತ್ತೊಂದನೇ ಸಂಕಷ್ಟಿ ರೀ. ಚಂದ್ರನ್ನ ನೋಡೋವರೆಗೆ ತೊಟ್ಟು ನೀರೂ ಕುಡಿಯೋ ಹಾಗಿಲ್ಲ."

"ಲಿಸ್ಬನ್ನಲ್ಲಿ ಮಗಳ ಮನೇಲೇ ಚಂದ್ರನ್ನ ನೋಡಿ ಊಟ ಮಾಡು!"

ಇವರ ಒಂದು ಯಂತ್ರವಾದರೂ ನೆಟ್ಟಗೆ ಓಡಲಿ ಅಂತ ಗಣಪನಿಗೆ ಹೊತ್ತ ಹರಕೆ ಅದು. ಕೊನೇದು ತಪ್ಪಿದರೆ ಹಿಂದಿನ ಇಪ್ಪತ್ತೂ ನೀರಲ್ಲಿ ಹೋಮ ಮಾಡಿದ ಹಾಗೆ. ಆದರೂ ಮಗಳು ಮೈಥಿಲಿಯನ್ನ ನೋಡಿ ಎರಡು ವರ್ಷ ಆಗಿತ್ತಲ್ಲ, ಹತ್ತಿ ಕೂತೆ.

ಓಡಿತು ನೋಡಿ! ಸಮುದ್ರ ದಾಟಿತು, ಮರುಭೂಮಿ ದಾಟಿತು. ಆರು ಗಂಟೆ ಹಾರಿದರೂ ಬಿಸಿಲು ಕದಲಲಿಲ್ಲ. ಇವರ ಲೆಕ್ಕದಲ್ಲಿ ಇನ್ನೂ ನಾಲ್ಕು, ನನ್ನ ಹೊಟ್ಟೆಯ ಲೆಕ್ಕದಲ್ಲಿ ರಾತ್ರಿ ಹತ್ತು!

ಲಿಸ್ಬನ್ ಬಂತು. ಮೈಥಿಲಿ ತಾರಸಿ ಮೇಲೆ ನಿಂತು ಕಡುಬಿನ ತಟ್ಟೆ ಎತ್ತಿ ತೋರಿಸಿದಳು. ಟ್ಯಾಂಕು ಅವಳ ತಲೆ ಮೇಲಿಂದ ಹಾಗೇ ಹೊರಟುಹೋಯಿತು!

"ಬ್ರೇಕ್ ಹಾಕ್ರೀ!"

"ಸೂರ್ಯನಿಗೇನು ಬ್ರೇಕ್ ಇದೆಯಾ? ಮೇಲೊಂದು ಗಾಜಿನ ಕಣ್ಣಿಟ್ಟಿದ್ದೀನಿ. ಸೂರ್ಯ ಮುಳುಗಿ ಅದಕ್ಕೆ ಕತ್ತಲಾದ ತಕ್ಷಣ ತಾನೇ ಇಳಿಯುತ್ತೆ."

"ನಾವು ಹೀಗೆ ಅವನ ಬೆನ್ನು ಹತ್ತಿದ್ರೆ ಅವನು ಮುಳುಗೋದು ಯಾವಾಗ?"

ಇವರು ಜೇಬಿನಿಂದ ಚಕ್ಕುಲಿ ತೆಗೆದು ಕಟುಂ ಅಂತ ಕಡಿದರು. ನನಗೆ ಅಳುವೇ ಬಂತು.

ಮತ್ತೆ ಸಮುದ್ರ, ಮತ್ತೆ ನೆಲ, ಮತ್ತೆ ಸಮುದ್ರ. ಹೋದ ಊರಲ್ಲೆಲ್ಲ ಅದೇ ನಾಲ್ಕು ಗಂಟೆ, ಎಲ್ಲರೂ ತಿಂಡಿ ತಿನ್ನೋ ಹೊತ್ತು! ಕೊನೆಗೆ ಕೆಳಗೆ ನಮ್ಮದೇ ಬೀದಿ ಕಂಡಾಗ ಇನ್ನು ತಡೆಯಲಾರೆ ಅನ್ನಿಸಿತು. ಕಿಟಕಿಯಿಂದ ಕೈ ಚಾಚಿ ಆ ಗಾಜಿನ ಕಣ್ಣಿಗೆ ಸೆರಗು ಮುಚ್ಚಿದೆ. ಸೂರ್ಯ ಮುಳುಗಿದ ಅಂದುಕೊಂಡು ಟ್ಯಾಂಕು ದೊಪ್ಪನೆ ನಮ್ಮ ತಾರಸಿ ಮೇಲೇ ಕೂತಿತು.

ಗಿರಿಜಕ್ಕ ಓಡಿ ಬಂದರು. "ಅಯ್ಯೋ, ನಿನ್ನೆಯಿಂದ ಎಲ್ಲಿಗೆ ಹೋಗಿದ್ರಿ? ರಾತ್ರಿ ಚಂದ್ರ ಎಷ್ಟು ಚೆನ್ನಾಗಿ ಮೂಡಿದ್ದ!"

"ನಿನ್ನೆಯಾ?! ಹಾಗಾದ್ರೆ ಇವತ್ತು?"

"ಪಂಚಮಿ ಅಲ್ವೇನ್ರೀ!"

ಭೂಮಿ ಸುತ್ತಿ ಬರುವಷ್ಟರಲ್ಲಿ ಒಂದು ಇಡೀ ದಿನ ಕಳೆದಿತ್ತು, ನನ್ನ ಪಾಲಿಗೆ ಮಾತ್ರ ರಾತ್ರಿಯೇ ಆಗಿರಲಿಲ್ಲ. ಪುರೋಹಿತರ ಹತ್ತಿರ ಓಡಿದೆ.

"ಚಂದ್ರದರ್ಶನ ಆಗದ ಸಂಕಷ್ಟಿ ಲೆಕ್ಕಕ್ಕಿಲ್ಲಮ್ಮ. ಮತ್ತೆ ಮೊದಲಿಂದ ಇಪ್ಪತ್ತೊಂದು ಆಗಬೇಕು. ನೀವೇ ಮಾಡಬೇಕು ಅಂತೇನಿಲ್ಲ, ಯಜಮಾನರು ಮಾಡಿದರೂ ನಡೆಯುತ್ತೆ."

ಆ ಕೊನೇ ಮಾತು ಕೇಳಿ ಅವರ ಕಾಲಿಗೆ ಬಿದ್ದುಬಿಟ್ಟೆ.

ಇವತ್ತು ಇವರ ಮೂರನೇ ಸಂಕಷ್ಟಿ. ಬೆಳಗಿನಿಂದ ತಾರಸಿ ಮೇಲೆ ಬೆವರು ಸುರಿಸಿಕೊಂಡು ಟ್ಯಾಂಕಿನ ಮೂತಿಯನ್ನ ಪೂರ್ವಕ್ಕೆ ತಿರುಗಿಸ್ತಿದ್ದಾರೆ. ಚಂದ್ರ ಬೇಗ ಸಿಗಬೇಕಂತೆ! ನಾನು ಊಟ ಮುಗಿಸಿ, ಎಲೆ ಅಡಿಕೆ ಹಾಕ್ಕೊಂಡು ನೋಡ್ತಾ ಕೂತಿದ್ದೀನಿ.